ಆರಿಸಿದ ಗುಂಡುಕಾಳು

ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಆದರೆ ಕಾಫಿ ಬೀಜ ಹುರಿಯುವುದರಲ್ಲಿ ಬಂಗಾರಪೇಟೆಯಲ್ಲಿ ನನಗೆ ಪಾಠ ಹೇಳುವವರು ಯಾರೂ ಇರಲಿಲ್ಲ. ಈ ಮಾತನ್ನು ಇವತ್ತೂ ಹಿಂದಕ್ಕೆ ತಗೊಳ್ಳೋದಿಲ್ಲ. ಎಪ್ಪತ್ತರ ದಶಕದಲ್ಲಿ ಸ್ಟೇಷನ್ ಹತ್ತಿರ ಅಂಗಡಿ ಹಾಕಿದೆ. ಸೌದೆ ಒಲೆ, ಮೇಲೆ ಕಬ್ಬಿಣದ ಡ್ರಮ್ಮು, ಅದನ್ನು ತಿರುಗಿಸೋಕೆ ನನ್ನ ರಟ್ಟೆ.

ನನ್ನ ಹೆಸರು ನಿಂತಿದ್ದದ್ದು ಗುಂಡುಕಾಳಿನ ಮೇಲೆ. ಕಾಫಿ ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೇಳೆ ಇರುತ್ತವೆ. ಎಲ್ಲೋ ಒಂದರಲ್ಲಿ ಒಂಟಿ ದುಂಡು ಬೀಜ. ಅದನ್ನೇ ಬೇರೆ ಮಾಡಿ ಹುರಿದರೆ ಎಲ್ಲವೂ ಒಂದೇ ಹದಕ್ಕೆ ಬರುತ್ತವೆ, ಒಂದೂ ಸೀಯುವುದಿಲ್ಲ. ಆರಿಸುತ್ತಿದ್ದವಳು ನನ್ನ ಹೆಂಡತಿ. ಬೆಳಗಿನ ಬಿಸಿಲಿಗೆ ಜಗಲಿ ಮೇಲೆ ಮೊರ ಹಿಡಿದು ಕೂತರೆ ಮಧ್ಯಾಹ್ನದ ಹೊತ್ತಿಗೆ ಒಂದು ಡಬ್ಬ ತುಂಬಿದರೆ ಹೆಚ್ಚು.

ಚಿನ್ನದ ಗಣಿ ಸಾಹೇಬರೊಬ್ಬರ ಬಂಗಲೆಯ ಅಡಿಗೆಯವನು ಶನಿವಾರ ಶನಿವಾರ ರೈಲಿಳಿದು ಬರುತ್ತಿದ್ದ. ಪ್ರತಿ ಸಲ ಅದೇ ಕೀಟಲೆ.

"ಏನಣ್ಣಾ, ಕಾಫಿ ತೂಗ್ತೀಯೋ ಬಂಗಾರ ತೂಗ್ತೀಯೋ?"

"ಬಂಗಾರ ನಿಮ್ ಗಣಿಯಾಗೆ ಸಿಕ್ತದೆ, ಅಲ್ಲೇ ಓಗು. ಇದು ಇಲ್ಲಿ ಮಾತ್ರ," ಅನ್ನುತ್ತಿದ್ದೆ. ಅವನು ಪೊಟ್ಟಣ ಮೂಸಿ ನೋಡಿ ದುಡ್ಡು ಎಣಿಸುತ್ತಿದ್ದ.

ಮನೆಯಲ್ಲಿ ಮಾತ್ರ ಗುಂಡುಕಾಳಿನ ಕಾಫಿ ಕುಡಿಯುವಂತಿರಲಿಲ್ಲ. ಮಾರುವ ಸರಕಿಗೆ ಮನೆಯವರು ಕೈ ಹಾಕಬಾರದು ಅನ್ನುವುದು ನಾನೇ ಮಾಡಿದ ಕಟ್ಟಳೆ. ಒಡೆದ ಬೀಜದ ಪುಡಿ, ಅದಕ್ಕೆ ಮುಕ್ಕಾಲು ಪಾಲು ಚಿಕೋರಿ, ಬೆಲ್ಲ: ಅದು ನಮ್ಮ ಕಾಫಿ. ಇಪ್ಪತ್ತು ವರ್ಷ ಅವಳು ಕೇಳಲಿಲ್ಲ. ಒಂದು ಹಬ್ಬದ ದಿನ ಮಾತ್ರ, ಬಡಿಸೋಳಿಗೇ ಎಲೆ ಇಲ್ಲ ನೋಡಿ ಅಂತ ನಕ್ಕಿದ್ದಳು. ನಾನೂ ನಕ್ಕಿದ್ದೆ.

ತೊಂಬತ್ತರ ಹೊತ್ತಿಗೆ ಅವಳ ಕಣ್ಣು ಮಂಜಾದವು. ಆಮೇಲೆ ಬಂದ ಜ್ವರ ಇಳಿಯಲಿಲ್ಲ. ಬಾಯಿಗೆ ಏನು ಬೇಕೋ ಕೊಡಿ ಅಂದುಬಿಟ್ಟರು ಡಾಕ್ಟರು. ಕೇಳಿದೆ. ಆ ಗುಂಡುಕಾಳಿಂದು ಒಂದು ಲೋಟ ಅಂದಳು.

ಅವತ್ತು ಹುರಿದ ಹಾಗೆ ನಾನು ಯಾವತ್ತೂ ಹುರಿದವನಲ್ಲ. ಡಿಕಾಕ್ಷನ್ ತಾನಾಗಿ ತೊಟ್ಟಿಕ್ಕುವ ತನಕ ಫಿಲ್ಟರು ಮುಟ್ಟಲಿಲ್ಲ. ಆಗಷ್ಟೇ ಕಾಯಿಸಿದ ಹಾಲು. ಎತ್ತಿ ಕೂರಿಸಿ ಕುಡಿಸಿದೆ. ಒಂದು ಗುಟುಕು ಬಾಯಲ್ಲೇ ಇಟ್ಟುಕೊಂಡು ಕಷ್ಟಪಟ್ಟು ನುಂಗಿದಳು.

"ಇಷ್ಟ್ ಕಯಿನಾ?" ಅಂದಳು. ಲೋಟ ಪಕ್ಕಕ್ಕೆ ಸರಿಸಿ, "ಇದುಕ್ಕಾ ನನ್ ಕಣ್ ಓಗಿದ್ದು?"

ಜ್ವರದ ಬಾಯಿ, ಏನು ಕುಡಿದರೂ ಕಹಿಯೇ ಅಂದೆ. ಅವಳು ಮನೆ ಕಾಫಿ ಕೇಳಿದಳು. ಬೆಲ್ಲ ಹಾಕಿ ಕೊಟ್ಟೆ. ತಳದ ಗಷ್ಟದ ತನಕ ಕುಡಿದು, ಇದು ಚೆನ್ನಾಗದೆ ಅಂದು ಮಲಗಿದಳು.

ಉಳಿದ ಲೋಟ ಕಿಟಕಿಯಲ್ಲಿ ಆರುತ್ತಿತ್ತು. ನಾನೇ ಕುಡಿದೆ. ಎಲ್ಲಾದರೂ ಹದ ತಪ್ಪಿರಲಿ ಅಂತ ಗುಟುಕು ಗುಟುಕಿಗೂ ಹುಡುಕಿದೆ. ತಪ್ಪಿರಲಿಲ್ಲ.

ಅವಳು ನಾಲ್ಕನೇ ದಿನ ಹೋದಳು. ಗುಂಡುಕಾಳು ಮಾರುವುದನ್ನು ನಾನು ಬಿಡಲಿಲ್ಲ. ನನಗೆ ಬೇರೆ ಏನು ಬರುತ್ತದೆ? ಇದರಲ್ಲಿ ಅಂಥದ್ದೇನಿದೆ, ಬೆಲೆ ಯಾಕಿಷ್ಟು ಅಂದವರನ್ನು ಮುಂಚೆ ಕೂರಿಸಿಕೊಂಡು ಹೇಳುತ್ತಿದ್ದೆ. ಈಗ ಅವರ ಮುಖ ನೋಡದೆ ತೂಗಿ ಕೊಡುತ್ತೇನೆ.