ಮಾವನ ಟವೆಲ್

ಮೂರು ವಾರದ ಹಡಗು ಪ್ರವಾಸ ಮುಗಿಯಲು ಎರಡೇ ದಿನ ಉಳಿದಿತ್ತು. ಅವತ್ತು ಯಾವ ಊರಿಗೂ ಇಳಿಯುವುದಿರಲಿಲ್ಲ, ಬರೀ ಸಮುದ್ರ. ಮೊದಲ ದಿನದಿಂದ ಬ್ಯಾಗಿನಲ್ಲೇ ಇದ್ದ ಪುಸ್ತಕವನ್ನು ಇವತ್ತಾದರೂ ಓದೋಣ ಅಂತ ಡೆಕ್ಕಿಗೆ ಹೋದೆ.

ಅಲ್ಲಿ ಚಳ್ಳಕೆರೆಯ ನಮ್ಮ ಸೋದರಮಾವ ಐದು ಕುರ್ಚಿಗಳಿಗೆ ಐದು ಟವೆಲ್ ಹಾಸಿಟ್ಟಿದ್ದರು. ಒಂದಂತೂ ಊರಿಂದ ತಂದ ಕೆಂಪಂಚಿನದು.

"ಕಾಯ್ತಿರು ಪುಟ್ಟಿ, ಎಲ್ರೂ ತಿಂಡಿ ತಿಂದು ಬರ್ತೀವಿ."

"ಹಿಂಗೆ ಕುರ್ಚಿ ಹಿಡಿದಿಡಬಾರದು ಅಂತ ಬೋರ್ಡ್ ಹಾಕಿದ್ದಾರೆ ಮಾವ."

"ಮೊಳಕಾಲ್ಮೂರು ಬಸ್ಸಿಗೆ ಕಿಟಕಿಯಾಗಿಂದ ಟವೆಲ್ ಹಾಕಿದ್ರೆ ಯಾವನಾದ್ರೂ ಆ ಸೀಟ್‌ನಾಗೆ ಕೂರ್ತಾನಾ? ಹಂಗೇ ಇದೂ."

ಎರಡು ಗಂಟೆಯಾದರೂ ಒಬ್ಬರೂ ಬರಲಿಲ್ಲ. ಜಾಗ ಸಿಗದೆ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಒಂದು ಸಾಲೂ ತಲೆಗೆ ಹೋಗಲಿಲ್ಲ. ಕೊನೆಗೆ ಡೆಕ್ಕಿನ ಸಿಬ್ಬಂದಿಯೊಬ್ಬ ಬಂದು, ಈ ಟವೆಲ್‌ಗಳು ನಿಮ್ಮವಾ ಅಂತ ಇಂಗ್ಲಿಷಿನಲ್ಲಿ ಕೇಳಿದ. ನಾಚಿಕೆಗೆ ಅಲ್ಲ ಅಂದುಬಿಟ್ಟೆ. ಅವನು ಐದನ್ನೂ ಮಡಚಿಕೊಂಡು ಹೋದ. ನಾನು ಮೂಲೆಗೆ ಸರಿದು ನೆಮ್ಮದಿಯಾಗಿ ಪುಸ್ತಕ ತೆರೆದೆ.

ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಮಾವ ಹಾಜರು. "ನನ್ನ ಟವೆಲ್ ಎಲ್ಲೈತೆ? ನಿಂಗೆ ಇಂಗ್ಲಿಷ್ ಬರ್ತೈತಲ್ಲ, ಹೋಗಿ ಕೇಳು!"

ಹೋದೆ. ಅದೇ ಮನುಷ್ಯ.

"ನಿಮ್ಮವಲ್ಲ ಅಂದಿರಲ್ಲ?" ಅಂತ ಕೇಳಿದ, ನಗಲೂ ಇಲ್ಲ. ಎಲ್‌ಕೆಜಿಯಿಂದ ಕಲಿತ ಇಂಗ್ಲಿಷಿನಲ್ಲಿ ಆಗ ನನ್ನ ಬಾಯಿಗೆ ಬಂದದ್ದು ಸಾರಿ ಒಂದೇ.

ನಾನು ವಾಪಸ್ ತಂದ ಕೆಂಪಂಚಿನ ಟವೆಲ್ ನೋಡಿ ಮಾವನ ಮುಖ ಅರಳಿತು. "ಇದಕ್ಕೇ ನೋಡು, ಮಕ್ಳನ್ನ ಇಂಗ್ಲಿಷ್ ಮೀಡಿಯಂ ಓದಿಸ್ಬೇಕು ಅನ್ನೋದು," ಅಂದವರೇ ಅದನ್ನು ಮತ್ತೆ ಕುರ್ಚಿಗೆ ಹಾಸಿ, ನನ್ನನ್ನು ಕಾವಲಿಗೆ ಕೂರಿಸಿ, ಊಟಕ್ಕೆ ಹೊರಟರು.