ಹದಿನೈದು ತೂತುಗಳ ಮುಂದೆ ಜೈತೂನಬಿ

ಕಂಪ್ಯೂಟರ್ ಬದುಕಬೇಕು, ಆದರೆ ಅದು ಯಾಕೆ ಕಣ್ಣು ಮುಚ್ಚಿತೆಂದು ಯಾರಿಗೂ ತಿಳಿಯಬಾರದು. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಬೀಗ ತೆಗೆಯುವಾಗ ಆಪರೇಟರ್ ಧನಶ್ರೀಯ ಎದೆಯಲ್ಲಿ ಇದೊಂದೇ ಪುಕುಪುಕು. ಬೆಳಗಿನ ಆರು ಗಂಟೆ. ಯಾರ ಚೀಲ ಯಾವ ಕೋಣೆಯಲ್ಲಿದೆ ಎಂಬುದು ಇಪ್ಪತ್ತೆಂಟು ವರ್ಷದ ಆ ಯಂತ್ರಕ್ಕೆ ಮಾತ್ರ ಗೊತ್ತು. ದಸರೆಯಲ್ಲಿ ಆಯುಧ, ಯಂತ್ರಗಳಿಗೆ ಮಾಡುವ ಖಂಡೇಪೂಜೆಯ ಮರುದಿನದಿಂದ ಅದರ ಪರದೆ ಕಪ್ಪು.

ರಾಣೇಬೆನ್ನೂರಿನ ಮೊದಲ ಬಸ್ಸಿಗೆ ಬಂದಿಳಿದ ಜೈತೂನಬಿಗೆ ಐವತ್ತೇಳು ವಯಸ್ಸು. ಟೀವಿ ರಿಪೇರಿ ಮಾಡುತ್ತಿದ್ದ ಗಂಡ ತೀರಿಕೊಂಡ ಮೇಲೆ ಅವನ ಸಾಮಾನಿನ ಚೀಲ ಹೆಗಲಿಗೇರಿಸಿದವರು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೇರಿ ಇವರ ಕೈಯಲ್ಲಿ ಉಸಿರಾಡುವ ಹಳೇ ಕಂಪ್ಯೂಟರುಗಳು ಹನ್ನೊಂದು. ಅವಕ್ಕೂ ಮಾನಿಟರಿನ ಬದಲು ಬಂದ ಹೊಸ ಟೀವಿಗೂ ನಡುವೆ ಬೆಂಕಿಪೊಟ್ಟಣದಷ್ಟು ಕನ್ವರ್ಟರ್ ಕೂರಿಸುತ್ತಾರೆ.

"ಅತ್ತಿ–ಸೊಸಿ ಮಾತ ಬಿಟ್ಟಾರ ನೋಡ ತಂಗಿ. ನಡುವ ನನ್ನಂಥಾಕಿ ಒಬ್ಬಾಕಿ ಬೇಕು," ಎಂದು ನಗುತ್ತಾರೆ.

ಮ್ಯಾನೇಜರ್ ಡಾಕಪ್ಪ ನಗುವುದಿಲ್ಲ. "ಶ್ರಾವಣದಾಗ ಹಳೇ ಮಾನಿಟರ್ ರಿಪೇರಿ ಮಾಡಿದಾಕಿ ನೀನ ಹೌದಲ್ಲ? ಕೆಡಿಸಿ ಇಟ್ಟೀದಿ. ಇವತ್ತೂ ಹತ್ತಲಿಲ್ಲಂದ್ರ ಈ ಬಾಗಲಾ ತುಳೀಬ್ಯಾಡ."

ಕನ್ವರ್ಟರ್ ಸಿಕ್ಕಿಸಿ ಟೀವಿ ಹಚ್ಚಿದರೆ ‘ಸಿಗ್ನಲ್ ಇಲ್ಲ’. ಜೈತೂನಬಿ ಕೇಬಲ್ ಕಿತ್ತು, ಕಂಪ್ಯೂಟರಿನ ಬೆನ್ನಿಗೆ ಬ್ಯಾಟರಿ ಬೆಳಕು ಬಿಡುತ್ತಾರೆ. ಪರದೆಯ ಕೇಬಲ್ ಕೂರುವ ಹದಿನೈದು ತೂತಿನ ಸಾಕೆಟ್ಟಿನ ತುಂಬ ಒಣಗಿ ಗಟ್ಟಿಯಾದ ವಿಭೂತಿ, ಮೇಲೊಂದು ಕುಂಕುಮದ ಬೊಟ್ಟು.

ಅವರು ಒಮ್ಮೆ ಧನಶ್ರೀಯನ್ನು ನೋಡುತ್ತಾರೆ.

"ಈಗ ಬಂದ್ ಮಾಡಬೇಕು. ಮುದಿ ಡಿಸ್ಕ್ ಐತಿ, ಮತ್ತ ತಿರಗತೈತೋ ಇಲ್ಲೋ ಅಲ್ಲಾನ ಬಲ್ಲ."

ಕಂಪ್ಯೂಟರಿನೊಳಗಿನ ಫ್ಯಾನಿನ ಸದ್ದು ನಿಲ್ಲುತ್ತದೆ. ಸೂಜಿ, ಸ್ಪಿರಿಟ್ಟು, ಒಂದೊಂದೇ ತೂತು. "ನನಗ ದೊಡ್ಡ ಆಸೆ ಏನಿಲ್ಲವಾ," ಎನ್ನುತ್ತಾರೆ ಮೆಲ್ಲಗೆ, "ಈ ಕೈ ಮ್ಯಾಲ ಒಂದು ಮಾತ ಬರಬಾರದು, ಅಷ್ಟ." ಮುಕ್ಕಾಲು ತಾಸಿನ ಮೇಲೆ ಕೇಬಲ್ ಮತ್ತೆ ಸಿಕ್ಕಿಸಿ, ಗುಂಡಿ ಒತ್ತಿ, ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಕಾಯುತ್ತಾರೆ. ಒಳಗೆ ಏನೋ ಕೆಮ್ಮುತ್ತದೆ, ಗುರುಗುಟ್ಟುತ್ತದೆ, ತಿರುಗುತ್ತದೆ. ಟೀವಿಯ ತುಂಬ ಚೀಲಗಳ ಪಟ್ಟಿ.

"ಹೊಸಾ ಟೀವಿ ಬಂತು, ಹತ್ತಿತು," ಎನ್ನುತ್ತಾನೆ ಡಾಕಪ್ಪ. "ಅಂದ್ರ ಈಕಿ ಮಾಡಿದ ಮಾನಿಟರ್ ಕೆಟ್ಟಿದ್ದು ಖರೇ ಆತಲ್ಲ."

ಜೈತೂನಬಿ ವಿಭೂತಿ ಹತ್ತಿದ ಸೂಜಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ತಳ್ಳುತ್ತಾರೆ. ಅದನ್ನು ನೋಡಿ ಧನಶ್ರೀಗೆ ತಾಳಲಾಗುವುದಿಲ್ಲ.

"ಸರ, ಜೈತೂನ ಚಾಚೀದು ತಪ್ಪಲ್ರಿ. ಪೂಜಿ ದಿನ ಕೇಬಲ್ ಬಿಚ್ಚಿ, ಆ ತೂತುಗಳಿಗೆ ವಿಭೂತಿ ಹಚ್ಚಿದಾಕಿ ನಾನು."