ಸುಬೇದಾರನ ಷಡ್ಜ

ನಾನು ಹಾಡುತ್ತೇನೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ. ಬೇರೆಯವರ ಬಾಯಿಂದ ನಿಮಗೆ ತಿಳಿದರೆ ಅವರು ಇದನ್ನು ಇಷ್ಟು ಮರ್ಯಾದೆಯಿಂದ ಹೇಳಲಾರರು. ಗೋಕಾಕದ ನನ್ನ ಬಾಡಿಗೆ ಖೋಲಿಯಲ್ಲಿ, ಸಾಲೆ ಬಿಟ್ಟ ಮೇಲೆ, ದಿನಾ ಸಂಜೆ ಒಂದು ತಾಸು ಹಾರ್ಮೋನಿಯಂ ಪೇಟಿಯ ಎರಡನೆಯ ಕರಿ ಪಟ್ಟಿಯನ್ನು, ಹಾಡುವವರ ಮಾತಿನ ಕರಿ ಎರಡನ್ನು, ಒತ್ತಿ ಹಿಡಿದು ಷಡ್ಜ ಸಾಧಿಸುತ್ತೇನೆ. ನಾನು ‘ಸಾ’ ಎಂದು ಬಾಯಿ ತೆರೆದ ಕೂಡಲೇ ನನ್ನ ನಾಯಿ ಸುಬೇದಾರ ಮೂತಿಯನ್ನು ಮೇಲೆತ್ತಿ, ಕಣ್ಣು ಮುಚ್ಚಿ, ಉದ್ದಕ್ಕೆ ಊಳಿಡುತ್ತಾನೆ. ಅದಕ್ಕಾಗಿ ಅವನನ್ನು ಹೊರಗೆ ಹಾಕಿ ಬಾಗಿಲು ಮುಂದಕ್ಕೆ ಮಾಡಿಕೊಂಡು ಹಾಡುವುದು ನನ್ನ ಪದ್ಧತಿಯಾಗಿತ್ತು. ಅವನು ಹೊರಗಿನ ಕಟ್ಟೆಯ ಮೇಲೆ ಕೂತು ಅದೇ ಕೆಲಸ ಮುಂದುವರಿಸುತ್ತಿದ್ದ, ಓಣಿಯ ಮಂದಿಗೆ ಎರಡೂ ಕೇಳುತ್ತಿತ್ತು.

ಸುಬೇದಾರ ಹುಕ್ಕೇರಿಯವನು, ನಾನೂ ಅಲ್ಲಿಯವನೇ. ಒಂದು ಸಂತೆಯ ದಿನ ನನ್ನ ಮುಂದೆ ಮುಂದೆ ಬಾಲ ಎತ್ತಿಕೊಂಡು ನಡೆಯುತ್ತ, ಆಗೊಮ್ಮೆ ಈಗೊಮ್ಮೆ ತಿರುಗಿ ನೋಡುತ್ತ, ನಮ್ಮ ಮನೆಯ ಬಾಗಿಲಿಗೆ ನನ್ನನ್ನು ಕರೆತಂದು ಬಿಟ್ಟ. “ಏನ್ ಸುಬೇದಾರನಗತೆ ನಡೀತೈತೋ ಇದು!” ಎಂದು ಅವ್ವ ನಕ್ಕಳು. ಹೆಸರು ಅಲ್ಲೇ ಅಂಟಿಕೊಂಡಿತು. ಗೋಕಾಕದ ನಮ್ಮ ಓಣಿಯಲ್ಲಿ ಮಿಲಿಟರಿಯಿಂದ ನಿವೃತ್ತರಾದ ನಿಜವಾದ ಸುಬೇದಾರರೊಬ್ಬರು ಇದ್ದಾರೆಂಬುದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಅವರ ಮನೆಯ ಮುಂದೆ ಹಾಯುವಾಗ ನಾನು ನಾಯಿಯನ್ನು ‘ಬಾರೋ’ ಎಂದಷ್ಟೇ ಕರೆಯುತ್ತೇನೆ.

ಸಪ್ತಸ್ವರಗಳು ಪ್ರಾಣಿಪಕ್ಷಿಗಳ ದನಿಯಿಂದ ಬಂದವೆಂದು ಹಿಂದಿನವರು ಹೇಳುತ್ತಾರೆ. ಷಡ್ಜ ನವಿಲಿನದು, ರಿಷಭ ಎತ್ತಿನದು, ಗಾಂಧಾರ ಆಡಿನದು, ಪಂಚಮ ಕೋಗಿಲೆಯದು. ಕುದುರೆಗೂ ಆನೆಗೂ ಒಂದೊಂದು ಸಿಕ್ಕಿದೆ. ಮನುಷ್ಯನ ಬಾಗಿಲಲ್ಲೇ ಬಿದ್ದುಕೊಂಡು ಹಗಲೂ ರಾತ್ರಿ ಗಂಟಲು ಹರಿದುಕೊಳ್ಳುವ ನಾಯಿಗೆ ಮಾತ್ರ ಒಂದು ಕೋಮಲ ಸ್ವರವನ್ನೂ ಯಾರೂ ಕೊಡಲಿಲ್ಲ. ಆಗೆಲ್ಲ ನನಗೆ ಇದು ತೀರ ನ್ಯಾಯವಾಗಿಯೇ ಕಾಣುತ್ತಿತ್ತು.

ನನ್ನ ಹಾಡಿಗೆ ಇಬ್ಬರು ಸಂಗಾತಿಗಳು. ಪೇಟಿ ನುಡಿಸುವವನು ನಮ್ಮ ಸಾಲೆಯ ಬಸಪ್ಪ ಮಾಸ್ತರ, ತುಕ್ಕಾನಟ್ಟಿಯ ಒಕ್ಕಲುತನದ ಮನೆಯವನು. ತಬಲಾದವನು ಟೇಲರ ಮಾರುತಿ. ಅವನ ಹೊಲಿಗೆ ಯಂತ್ರವೂ ತೀನತಾಲದಲ್ಲೇ ಓಡುತ್ತದೆ, ಹೀಗಾಗಿ ಅವನು ಹೊಲಿದ ಅಂಗಿಯ ತೋಳುಗಳು ಕೆಲವು ಸಲ ವಿಲಂಬಿತವಾಗುವುದುಂಟು.

ಶರದೃತು ಎಂದು ನಾನು ಮಕ್ಕಳಿಗೆ ಪಾಠ ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ಆ ಹೆಸರಿನಿಂದ ಅದನ್ನು ಯಾರೂ ಕರೆಯುವುದಿಲ್ಲ. ದಸರೆಯ ಬನ್ನಿ ಕೊಟ್ಟು ತೆಗೆದುಕೊಂಡಾದ ಮೇಲೆ ಒಂದು ಬೆಳಕು ಬರುತ್ತದೆ ನೋಡಿ, ಅದೇ ಅದು. ಆ ದಿನಗಳಲ್ಲಿ ರವಿವಾರ ಬಂತೆಂದರೆ ಮೂವರೂ ಸೈಕಲ್ ಹತ್ತಿ ಜಲಪಾತಕ್ಕೆ ಹೋಗುತ್ತಿದ್ದೆವು, ಸುಬೇದಾರ ಮುಂದೆ. ಶ್ರಾವಣದಲ್ಲಿ ಕೆಂಪು ಕೆಸರಾಗಿ ಧುಮುಕುತ್ತಿದ್ದ ಘಟಪ್ರಭೆ ಆ ಹೊತ್ತಿಗೆ ತಿಳಿಯಾಗಿ ಬೆಳ್ಳಗೆ ಬೀಳುತ್ತಿರುತ್ತಾಳೆ. ಎಷ್ಟು ಸಲ ನೋಡಿದರೂ ಆ ಬಂಡೆಯಂಚಿಗೆ ಬಂದಾಗ ನನ್ನ ಬಾಯಿ ತಾನಾಗಿ ಮುಚ್ಚುತ್ತಿತ್ತು, ಆಡಬೇಕೆಂದಿದ್ದ ಮಾತು ಮರೆತುಹೋಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, ದುರದೃಷ್ಟವಶಾತ್, ಬಾಯಿ ಮತ್ತೆ ತೆರೆಯುತ್ತಿತ್ತು. ಆ ಭೋರ್ಗರೆತಕ್ಕೆ ಎದುರಾಗಿ ಹಾಡಿದರೆ ಗಂಟಲು ಕಸುವಾಗುತ್ತದೆಂದು ನನ್ನ ನಂಬಿಕೆ. ಅಲ್ಲಿ ನಾನು ಹಾಡಿದ್ದು ನನಗೂ ಕೇಳುತ್ತಿರಲಿಲ್ಲವಾದ್ದರಿಂದ ಬಹಳ ಚೆನ್ನಾಗಿ ಹಾಡುತ್ತಿದ್ದೆ. ಸುಬೇದಾರನೂ ಅಲ್ಲಿ ಊಳಿಡುತ್ತಿರಲಿಲ್ಲ. ನನ್ನ ಸಾಧನೆ ಪೂರ್ತಿಯಾಯಿತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡವೆನಿಸಿತು.

ಈ ಸೊಕ್ಕಿನಲ್ಲಿದ್ದಾಗಲೇ ಬಸಪ್ಪ ಒಂದು ಮಾತು ಕೇಳಿದ. ನಮ್ಮ ಪಗಾರ ಮುಂಬಯಿ ಸರಕಾರದಿಂದ ಮೈಸೂರು ಸರಕಾರಕ್ಕೆ ಬದಲಾದ ಮರುವರ್ಷದ ಸಂಗತಿ ಇದು.

“ಶೀಗಿ ಹುಣ್ಣಿವಿಗೆ ನಮ್ಮೂರಿಗೆ ಬರ್ತೀಯೇನೋ? ನಿನ್ನ ದನಿ ಬೇಕಾಗೇತಿ.”

ನನ್ನ ದನಿ ಬೇಕೆಂದು ಜೀವಮಾನದಲ್ಲಿ ಯಾರೂ ಕೇಳಿರಲಿಲ್ಲ. ಯಾತಕ್ಕೆ ಎಂದು ಕೇಳುವ ಮೊದಲೇ ಒಪ್ಪಿಕೊಂಡೆ. ಆಮೇಲೆ ಅವನು ಬಿಡಿಸಿ ಹೇಳಿದ.

ಶೀಗಿ ಹುಣ್ಣಿಮೆಗೆ ಒಕ್ಕಲಿಗರು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಭೂಮಿತಾಯಿ ಆಗ ಬಸುರಿ, ಅವಳ ಬಯಕೆ ತೀರಿಸಬೇಕು. ಮಾಡಿದ ಅಡಿಗೆಯನ್ನೆಲ್ಲ ಕಲಸಿ ಪುಟ್ಟಿಯಲ್ಲಿಟ್ಟುಕೊಂಡು ಮನೆಯ ಹಿರಿಯ ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಬೆಳೆಯ ಸುತ್ತ ಚೆಲ್ಲುತ್ತ ಹೋಗುತ್ತಾನೆ. ಹಿಂದೆ ತಂಬಿಗೆ ಹಿಡಿದವರು ನೀರು ಚಿಮುಕಿಸುತ್ತ ಅದಕ್ಕೆ ಓಗೊಡಬೇಕು. ಊರಿಗೊಂದು ಬಗೆಯ ಓಗೊಡುವಿಕೆ. ಬಸಪ್ಪನ ಮನೆಯಲ್ಲಿ ಅದು ಬರೀ ಉದ್ದನೆಯ ‘ಓ’. ಅವನ ಅಪ್ಪ ಮಲ್ಲಪ್ಪಜ್ಜ ಕೂಗಿದರೆ ಅವನ ಅವ್ವ ಗಂಗವ್ವ ಓ ಎನ್ನುತ್ತಿದ್ದಳು, ನಲವತ್ತು ವರ್ಷ ಹಾಗೆಯೇ ನಡೆದಿತ್ತು. ಗಂಗವ್ವ ತೀರಿಕೊಂಡು ಎರಡು ವರ್ಷ. ಅಂದಿನಿಂದ ಮುದುಕ ದನಿ ಎತ್ತಿ ಮಾತಾಡಿಲ್ಲ. ಭಜನೆಯಲ್ಲಿ ಮುಂದಾಳಾಗಿದ್ದವನು ಈಗ ಎತ್ತುಗಳಿಗೂ ಕೈಸನ್ನೆಯಲ್ಲೇ ಹೇಳುತ್ತಾನೆ. ಹೋದ ವರ್ಷ ಬಸಪ್ಪ ಅವ್ವನ ತಂಬಿಗೆ ಹಿಡಿದು ನಿಂತಿದ್ದ. ಅಪ್ಪ ಪುಟ್ಟಿ ಇಳಿಸಿ, “ನಿನ್ನ ಕೈಲೆ ಆಗೂದಲ್ಲಪಾ ಇದು” ಎಂದು ಮನೆಗೆ ಹೊರಟುಬಿಟ್ಟಿದ್ದ. ಹೊಲ ಹಾಗೆಯೇ ಉಳಿಯಿತು.

“ಈ ಸಲಾನೂ ಹಂಗ ಆದ್ರ ಅಂವಾ ಇನ್ನ ಮ್ಯಾಲ ಬಾಯಿ ಬಿಡೂದಿಲ್ಲ,” ಎಂದ ಬಸಪ್ಪ. ಯಾವಾಗಲೂ ನಗುವವನು ನಗುತ್ತಿರಲಿಲ್ಲ.

ಬಸಪ್ಪನ ಚಕ್ಕಡಿಯಲ್ಲಿ ಹೊರಟೆವು. ನಾವು ಮೂವರು ಮೇಲೆ, ಸುಬೇದಾರ ಚಕ್ಕಡಿಯ ಕೆಳಗಿನ ನೆರಳಿನಲ್ಲಿ. ದಾರಿಯುದ್ದಕ್ಕೂ ನಾನು ‘ಓ’ ಎಂಬುದನ್ನು ಬಗೆಬಗೆಯಾಗಿ ಸಾಧಿಸಿದೆ, ಸುಬೇದಾರ ಕೆಳಗಿನಿಂದ ಅಡ್ಡಿಪಡಿಸಿದ. ಎರಡು ಸಲ ಇಳಿದು ಅವನನ್ನು ಬೈದೆ. ಬೈಸಿಕೊಂಡವನು ಹೊಲ ಮುಟ್ಟಿದ ಮೇಲೂ ಮುನಿಸಿಕೊಂಡು ಚಕ್ಕಡಿಯ ಕೆಳಗೇ ಮಲಗಿದ.

ತುಕ್ಕಾನಟ್ಟಿಯ ಎರೆಹೊಲದಲ್ಲಿ ಮುಂಗಾರಿ ಜೋಳ ತೆನೆ ಹೊತ್ತು ನಿಂತಿತ್ತು. ಬನ್ನಿಗಿಡದ ಬುಡಕ್ಕೆ ಕಲ್ಲಿಟ್ಟು ಪೂಜೆ ಆಯಿತು. ಬಸಪ್ಪನ ಹೆಂಡತಿ ಪಾರವ್ವ ಕಡಬು, ರೊಟ್ಟಿ, ಪಲ್ಯ ಎಲ್ಲ ಕಲಸಿ ಪುಟ್ಟಿ ತುಂಬಿದಳು. ಮಲ್ಲಪ್ಪಜ್ಜ ಅದನ್ನು ಎತ್ತಿಕೊಂಡು ಬದುವಿಗೆ ಬಂದು ಹೊಲದ ಕಡೆ ಮುಖ ಮಾಡಿ ನಿಂತ. ಆಮೇಲೆ ಒಡಕು ದನಿಯಲ್ಲಿ ಕೂಗಿದ: “ಹುಲ್ಲುಲ್ಲಿಗೋ...”

ಎರಡು ವರ್ಷದ ಮೇಲೆ ಬಂದ ದನಿ. ಪಾರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇನ್ನು ನನ್ನದು. ಮಂದ್ರದಲ್ಲಿ ಹಿಡಿದೆ, ಮೆಲ್ಲನೆ ಮೀಂಡಿನಲ್ಲಿ ಮೇಲಕ್ಕೆ ತಂದೆ, ಷಡ್ಜದ ಮೇಲೆ ಒಂದಿಷ್ಟು ನಿಂತು ಅಲ್ಲಿಂದ ಎರಡು ಮುರ್ಕಿ ತೆಗೆದು ಒಂದು ಸಣ್ಣ ತಾನಿನೊಂದಿಗೆ ಇಳಿದೆ. ಮಾರುತಿಯ ಬೆರಳುಗಳು ತನ್ನ ತೊಡೆಯ ಮೇಲೆ ತಾಳ ಹಿಡಿದಿದ್ದವು. ಕಣ್ಣು ತೆರೆದಾಗ ಮಲ್ಲಪ್ಪಜ್ಜ ಹತ್ತು ಹೆಜ್ಜೆ ಮುಂದೆ ಹೋಗಿ, ತಿರುಗಿ ನಿಂತು ನನ್ನನ್ನೇ ನೋಡುತ್ತಿದ್ದ.

“ಮುಗೀತೇನ್ರಿ ಮಾಸ್ತರ?”

ನನ್ನ ಕಿವಿ ಬಿಸಿಯಾದವು. ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಪುಟ್ಟಿಯನ್ನು ಬದುವಿನ ಮೇಲಿಟ್ಟು, “ಸಾಕ ಬಿಡ್ರಿ, ಉಂಡು ಮನಿಗಿ ಹೋಗೂಣು” ಎಂದ. ಬಸಪ್ಪ ನನ್ನ ಮುಖ ನೋಡಲಿಲ್ಲ. ಒಂದು ಸಾದಾ ‘ಓ’ ಬೇಕಾಗಿದ್ದ ಕಡೆ ಕಚೇರಿ ಮಾಡಿ ಗೆಳೆಯನ ಮನೆಯ ಹಬ್ಬವನ್ನು ಕೆಡಿಸಿದ್ದೆ. ಆ ಹೊತ್ತಿನ ನಾಚಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಬನ್ನಿಗಿಡದ ಕಡೆ ಹೊರಳಿದ ಮುದುಕ ಮತ್ತೊಮ್ಮೆ ಹೊಲವನ್ನು ನೋಡಿದ. ರೂಢಿಯ ಬಲವೋ, ಕ್ಷಮೆ ಕೇಳುವುದಕ್ಕೋ, ತನಗೆ ತಾನೇ ಎಂಬಂತೆ ಮೆಲ್ಲಗೆ ಕೂಗಿದ: “ಹುಲ್ಲುಲ್ಲಿಗೋ...”

ಚಕ್ಕಡಿಯ ಕೆಳಗಿನಿಂದ ಉತ್ತರ ಬಂತು. ಉದ್ದಕ್ಕೆ, ನೆಟ್ಟಗೆ, ಒಂದು ಕೂದಲೆಳೆ ಅಲುಗದೆ: “ಓ...”

“ಅಯ್ಯ ಶಿವನ, ಹಬ್ಬದ ದಿನ ನಾಯಿ ಅಳಾಕತ್ತೇತಿ!” ಎಂದು ಪಾರವ್ವ ಗಾಬರಿಯಾದಳು. ನಾಯಿ ಊಳಿಟ್ಟರೆ ಕೇಡು ಎಂಬುದು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ಮಾರುತಿ ಮಣ್ಣಿನ ಹೆಂಟೆಯೊಂದನ್ನು ಎತ್ತಿಕೊಂಡ.

“ಹೊಡೀಬ್ಯಾಡ!” ಮಲ್ಲಪ್ಪಜ್ಜನ ದನಿಗೆ ಪಕ್ಕದ ಹೊಲದವರೂ ತಿರುಗಿ ನೋಡಿದರು. ಅವನು ಪುಟ್ಟಿ ಎತ್ತಿಕೊಂಡ. ಈ ಸಲ ಎದೆ ತುಂಬಿ ಕೂಗಿದ. ಸುಬೇದಾರ ಹೊರಗೆ ಬಂದು, ಕೂತು, ಮೂತಿ ಎತ್ತಿ ಓಗೊಟ್ಟ. ಮುದುಕ ಒಂದು ಹಿಡಿ ಚೆಲ್ಲಿ ನಡೆದ. ಸುಬೇದಾರ ಎದ್ದು ಹಿಂದೆ ನಡೆದ. ಹತ್ತು ಹೆಜ್ಜೆಗೊಂದು ಕೂಗು, ಕೂಗಿಗೊಂದು ಓ.

ನಾನು ಇಬ್ಬರ ನಡುವೆ ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ನಡೆದೆ. ಬಾಯಿ ಮುಚ್ಚಿಕೊಂಡು ನಾನು ಪಾಲುಗೊಂಡ ಮೊದಲ ಸಂಗೀತ ಅದು. ತಿಳಿ ಬಿಸಿಲು, ತೂಗುವ ತೆನೆಗಳು, ಆ ಮುದುಕನ ಕೂಗು, ಹಿಂದಿನಿಂದ ಈ ಮೂಕಪ್ರಾಣಿಯ ಉತ್ತರ. ನನ್ನ ಮೈಮೇಲೆ ಮುಳ್ಳೆದ್ದವು. ಜಲಪಾತದ ಅಂಚಿನಲ್ಲಿ ಮಾತು ಮರೆತುಹೋಗುತ್ತಿತ್ತಲ್ಲ, ಇಲ್ಲಿ ನಾನು ಮಾತು ಕಲಿತಿದ್ದೆನೆಂಬುದೇ ಮರೆತುಹೋಯಿತು. ಸುಬೇದಾರ ಹಿಡಿದದ್ದು ಅಚ್ಚ ಕರಿ ಎರಡು. ನಾಲ್ಕು ವರ್ಷ ಹೊರಗಿನ ಕಟ್ಟೆಯ ಮೇಲೆ ಕೂತು ಅವನು ಕಲಿತಿದ್ದ, ಒಳಗೆ ಕೂತವನು ಕಲಿತಿರಲಿಲ್ಲ.

ಸುತ್ತು ಮುಗಿಯಿತು. ಮಲ್ಲಪ್ಪಜ್ಜನ ಕಣ್ಣಿಂದ ನೀರು ಇಳಿಯುತ್ತಿತ್ತು, ಅವನು ನಗುತ್ತಲೂ ಇದ್ದ. ಊಟಕ್ಕೆ ಕೂತಾಗ ಮೊದಲ ಕಡಬನ್ನು ಸುಬೇದಾರನ ಮುಂದಿಟ್ಟ. ಸುಬೇದಾರ ನನ್ನತ್ತ ನೋಡಲೂ ಇಲ್ಲ. ಎರಡನೆಯದನ್ನು ನನ್ನ ಎಲೆಗೆ ಹಾಕಿ ಮುದುಕ ಮೆಲ್ಲಗೆ ಹೇಳಿದ:

“ಬ್ಯಾಸರಾ ಮಾಡ್ಕೋಬ್ಯಾಡ್ರಿ ಮಾಸ್ತರ. ನೀವು ಚೊಲೋನ ಹಾಡಿದ್ರಿ. ಆದ್ರ ನಾ ಕರದದ್ದು ಕೇಳ್ಸಿಕೊಂಡದ್ದು ಈ ನಾಯಿ.”

ಇಷ್ಟಾಗಿ ಆರು ವರ್ಷಗಳಾದವು. ಮಲ್ಲಪ್ಪಜ್ಜ ಈಗಲೂ ಭಜನೆಯಲ್ಲಿ ಮುಂದಾಳು. ಪ್ರತಿ ಶೀಗಿ ಹುಣ್ಣಿಮೆಗೆ ತುಕ್ಕಾನಟ್ಟಿಯಿಂದ ಚಕ್ಕಡಿ ಬರುತ್ತದೆ, ಸುಬೇದಾರನಿಗಾಗಿ. ನನಗೆ ವಯಸ್ಸಾಯಿತೆಂದು ಅನಿಸುವುದಿಲ್ಲ, ಅವನಿಗೆ ಆಗಿದೆ. ಆದ್ದರಿಂದ ಈಗ ಅವನು ಚಕ್ಕಡಿಯ ಮೇಲೆ, ಜಾಗ ಸಾಲದಾದರೆ ನಾನು ಕೆಳಗೆ.

ಹಾಡುವುದನ್ನು ನಾನು ಬಿಟ್ಟಿಲ್ಲ. ಕರಿ ಎರಡನ್ನು ಒತ್ತಿ ಇವತ್ತಿಗೂ ‘ಸಾ’ ಎನ್ನುತ್ತೇನೆ, ಅವನು ಮೂತಿ ಎತ್ತುತ್ತಾನೆ. ಆ ನಾಲ್ಕು ವರ್ಷ ನನ್ನ ಹಾಡು ಕೇಳಲಾರದೆ ಅಳುತ್ತಾನೆಂದು ತಿಳಿದಿದ್ದೆ. ನಾನು ಯಾರನ್ನೋ ಕರೆಯುತ್ತಿದ್ದೇನೆಂದು ಅವನು ತಿಳಿದಿದ್ದ, ಮತ್ತು ದಿನಾ ತಪ್ಪದೆ ಓ ಎಂದಿದ್ದ. ಅವನನ್ನೇ ನಾನು ಹೊರಗೆ ಹಾಕುತ್ತಿದ್ದೆ. ಈಗ ಬಾಗಿಲು ತೆರೆದಿಟ್ಟುಕೊಂಡೇ ಹಾಡುತ್ತೇನೆ. ಓಣಿಯವರು ತಮ್ಮ ಬಾಗಿಲುಗಳನ್ನು ಮುಚ್ಚಿಕೊಳ್ಳುತ್ತಾರೆ.